ಇಸವಿ ಎಲ್ಲ ಬಾಯಿಗೆ ಬರುತ್ತದೆ, ಅಂಕ ಮಾತ್ರ ಬರುತ್ತಿಲ್ಲ

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಗದಗ ಕಡೆಯವರು. 14 ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದೇವೆ. ಮಗಳು 11ನೇ ಗ್ರೇಡ್, ಎಪಿ ಯುಎಸ್ ಹಿಸ್ಟರಿ, ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಅಮೆರಿಕ ಇತಿಹಾಸ, ತೆಗೆದುಕೊಂಡಿದ್ದಾಳೆ. ದಿನಾ ರಾತ್ರಿ 12ರ ತನಕ ಹೋಮ್‌ವರ್ಕ್ ಮಾಡುತ್ತಾಳೆ. ಫ್ಲ್ಯಾಶ್ ಕಾರ್ಡ್ ಮಾಡಿಕೊಂಡು ಇಸವಿ, ಹೆಸರು, ಕಾಯ್ದೆ ಎಲ್ಲ ಬಾಯಿಪಾಠ ಮಾಡುತ್ತಾಳೆ. ಆದರೂ ಮಿಡ್‌ಟರ್ಮ್‌ನಲ್ಲಿ 100ಕ್ಕೆ 64 ಬಂತು. ಮೇ ತಿಂಗಳ ಪರೀಕ್ಷೆ ನೆನೆಸಿಕೊಂಡು ಅಳುತ್ತಾಳೆ. ನಾವಿಬ್ಬರೂ ಇಂಜಿನಿಯರುಗಳು. ಗಣಿತ, ಫಿಸಿಕ್ಸ್ ಆಗಿದ್ದರೆ ಹೇಳಿಕೊಡುತ್ತಿದ್ದೆವು. ಅಮೆರಿಕದ ಇತಿಹಾಸ ನಮಗೆ ಏನೇನೂ ಗೊತ್ತಿಲ್ಲ. ಹೇಗೆ ಸಹಾಯ ಮಾಡಲಿ?

ಉತ್ತರ: ಮೊದಲು ಒಂದು ಮಾತು. ರಾತ್ರಿ 12ರ ತನಕ ಕೂತು ಓದುವ ಹುಡುಗಿಗೆ ಇನ್ನೂ ಜಾಸ್ತಿ ಓದು ಎಂದು ದಯವಿಟ್ಟು ಹೇಳಬೇಡಿ. ಅವಳ ಶ್ರಮದಲ್ಲಿ ಕೊರತೆ ಇಲ್ಲ. ಆ ಶ್ರಮ ಬೇರೆ ಕಡೆ ಹೋಗುತ್ತಿದೆ ಅಷ್ಟೆ. ನಾನು ಇಲ್ಲಿನ ಹೈಸ್ಕೂಲಿನಲ್ಲಿ 17 ವರ್ಷದಿಂದ ಇದೇ ಪಾಠ ಮಾಡುತ್ತಿದ್ದೇನೆ. ಪ್ರತಿ ಜನವರಿಯಲ್ಲೂ ಇಂಥ ನಾಲ್ಕೈದು ಮಕ್ಕಳು ನನ್ನ ಮೇಜಿನ ಹತ್ತಿರ ಬಂದು ನಿಲ್ಲುತ್ತಾರೆ. ಕೈಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡಿನ ಕಟ್ಟು. ಕಣ್ಣಲ್ಲಿ ನೀರು.

ಕಾರಣ ಸರಳವಾಗಿದೆ. ನೀವು, ನಾನು ಎಸ್ಸೆಸ್ಸೆಲ್ಸಿಯಲ್ಲಿ ಓದಿದ ಇತಿಹಾಸ 'ಏನಾಯಿತು, ಯಾವಾಗ ಆಯಿತು' ಎಂದು ಕೇಳುತ್ತಿತ್ತು. ಪಾಯಿಂಟ್ ಹಾಕಿ ಬರೆದರೆ ಅಂಕ ಬರುತ್ತಿತ್ತು. ಈ ಪರೀಕ್ಷೆ 'ಯಾಕಾಯಿತು, ಅದು ನಿನಗೆ ಹೇಗೆ ಗೊತ್ತು' ಎಂದು ಕೇಳುತ್ತದೆ. ನಿಮ್ಮ ಮಗಳು ಮೊದಲ ಪ್ರಶ್ನೆಗೆ ತಯಾರಿ ಮಾಡಿಕೊಂಡು ಎರಡನೆಯದನ್ನು ಎದುರಿಸುತ್ತಿದ್ದಾಳೆ.

ಪರೀಕ್ಷೆಯ ರೂಪ ನೋಡಿದರೆ ಇದು ಅರ್ಥವಾಗುತ್ತದೆ. ಒಟ್ಟು 3 ಗಂಟೆ 15 ನಿಮಿಷ. ಈಗ ಕಂಪ್ಯೂಟರಿನಲ್ಲೇ ಬರೆಯಬೇಕು. ಮೊದಲು 55 ನಿಮಿಷದಲ್ಲಿ 55 ಬಹು ಆಯ್ಕೆ ಪ್ರಶ್ನೆ, ಅದಕ್ಕೆ ಶೇ 40. ಆದರೆ ಪ್ರಶ್ನೆಗಳು ಒಂಟಿಯಾಗಿ ಬರುವುದಿಲ್ಲ. ಒಂದು ಭಾಷಣದ ತುಣುಕು, ಒಂದು ವ್ಯಂಗ್ಯಚಿತ್ರ ಅಥವಾ ಒಂದು ನಕ್ಷೆ ಕೊಟ್ಟು ಅದರ ಮೇಲೆ ಮೂರು ನಾಲ್ಕು ಪ್ರಶ್ನೆ ಕೇಳುತ್ತಾರೆ. ಆಮೇಲೆ 40 ನಿಮಿಷದಲ್ಲಿ ಮೂರು ಕಿರು ಉತ್ತರ, ಶೇ 20. ನಂತರ ಮಕ್ಕಳು ಡಿಬಿಕ್ಯೂ ಎಂದು ಕರೆಯುವ ಪ್ರಬಂಧ. ಏಳು ದಾಖಲೆ ಕೊಡುತ್ತಾರೆ. ಅವನ್ನು ಓದಿ, ಒಂದು ವಾದ ಕಟ್ಟಿ, ಒಂದು ಗಂಟೆಯಲ್ಲಿ ಬರೆಯಬೇಕು. ಅದಕ್ಕೆ ಶೇ 25. ಕೊನೆಗೆ 40 ನಿಮಿಷದ ಇನ್ನೊಂದು ಪ್ರಬಂಧ, ಶೇ 15. ಈಗ ಲೆಕ್ಕ ಹಾಕಿ. ಶೇ 60 ಭಾಗ ಬರವಣಿಗೆಯೇ. ಉಳಿದ 40ರಲ್ಲೂ ಓದಿ ಅರ್ಥ ಮಾಡಿಕೊಳ್ಳುವುದೇ ಮುಖ್ಯ. ಬರೀ ಇಸವಿ ಗೊತ್ತಿದ್ದರೆ ಸಿಗುವ ಅಂಕ ಇದರಲ್ಲಿ ಎಲ್ಲೂ ಇಲ್ಲ.

ಹಾಗಂತ ಕಾರ್ಡುಗಳನ್ನು ಕಸಕ್ಕೆ ಹಾಕಬೇಡಿ. ಅವುಗಳ ಹಿಂಬದಿ ಬದಲಿಸಿ ಸಾಕು. ಒಂದು ಕಾರ್ಡು ತೆಗೆದುಕೊಳ್ಳೋಣ. ಮುಂದೆ 'ಕ್ಯಾನ್ಸಸ್-ನೆಬ್ರಾಸ್ಕ ಕಾಯ್ದೆ' ಎಂದು ಬರೆದಿರುತ್ತಾಳೆ. ಹಿಂದೆ '1854, ಸೆನೆಟರ್ ಸ್ಟೀಫನ್ ಡಗ್ಲಸ್, ಗುಲಾಮಗಿರಿ ಬೇಕೋ ಬೇಡವೋ ಎಂದು ಅಲ್ಲಿನ ಜನರೇ ತೀರ್ಮಾನಿಸಲಿ'. ಎಲ್ಲ ಸರಿಯಾಗಿಯೇ ಇದೆ. ಆದರೆ ಪರೀಕ್ಷೆಯಲ್ಲಿ ಆ ಕಾಯ್ದೆಯನ್ನು ಖಂಡಿಸುವ, ಉತ್ತರದ ರಾಜ್ಯಗಳ ಸುದ್ದಿಪತ್ರಿಕೆಯೊಂದರ ನಾಲ್ಕು ಸಾಲು ಕೊಡುತ್ತಾರೆ. ಈ ಸಿಟ್ಟಿನಿಂದ ನೇರವಾಗಿ ಏನಾಯಿತು ಎಂದು ಕೇಳುತ್ತಾರೆ. ಕಾರ್ಡಿನಲ್ಲಿ ಆ ಉತ್ತರವೇ ಇಲ್ಲ, ಅಲ್ವಾ?

ಅದೇ ಕಾರ್ಡಿನ ಹಿಂದೆ ಎರಡು ಸಾಲು ಬರೆಸಿ. ಒಂದು, 'ಇದಕ್ಕೆ ಮುಂಚೆ': 1820ರ ಮಿಸೌರಿ ಒಪ್ಪಂದ ಒಂದು ಗೆರೆ ಎಳೆದಿತ್ತು, ಆ ಗೆರೆಯ ಉತ್ತರದ ಹೊಸ ಜಾಗಗಳಲ್ಲಿ, ಮಿಸೌರಿ ಬಿಟ್ಟು, ಗುಲಾಮಗಿರಿ ಇರಕೂಡದು ಎಂದಿತ್ತು. ಎರಡು, 'ಇದರಿಂದ': ಆ ಗೆರೆ ಅಳಿಸಿಹೋಯಿತು, ಕ್ಯಾನ್ಸಸ್‌ನಲ್ಲಿ ಎರಡೂ ಕಡೆಯವರು ಬಂದೂಕು ಹಿಡಿದು ನುಗ್ಗಿದರು, ಆಗಿನ ದೊಡ್ಡ ಪಕ್ಷಗಳಲ್ಲಿ ಒಂದಾದ ವಿಗ್ ಪಕ್ಷ ಒಡೆದುಹೋಯಿತು, ರಿಪಬ್ಲಿಕನ್ ಪಕ್ಷ ಹುಟ್ಟಿತು. ಈಗ ಆ ಕಾರ್ಡು ಮುಂಚಿನದಕ್ಕೂ ಮುಂದಿನದಕ್ಕೂ ಗಂಟು ಹಾಕಿಕೊಂಡಿದೆ. ಆರು ವರ್ಷದಲ್ಲಿ ಆ ಹೊಸ ಪಕ್ಷದ ಲಿಂಕನ್ ಗೆದ್ದರು ಎಂಬುದು ತಾನಾಗಿಯೇ ನೆನಪಿರುತ್ತದೆ.

ನಾನು ತರಗತಿಯಲ್ಲಿ ಇದನ್ನು ಹಿಂದಿನಿಂದ ಮುಂದಕ್ಕೆ ಅಲ್ಲ, ಮುಂದಿನಿಂದ ಹಿಂದಕ್ಕೆ ಮಾಡಿಸುತ್ತೇನೆ. ಮನೆಯಲ್ಲಿ ನೀವೂ ಮಾಡಬಹುದು. 1861ರ ಏಪ್ರಿಲ್‌ನಲ್ಲಿ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿ ಉತ್ತರ ದಕ್ಷಿಣಗಳ ಅಂತರ್ಯುದ್ಧ ಶುರುವಾಯಿತು. ಯಾಕೆ? ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಟ್ಟು ಹೊರಟಿದ್ದವು. ಯಾಕೆ? 1860ರ ನವೆಂಬರ್‌ನಲ್ಲಿ ಲಿಂಕನ್ ಗೆದ್ದರು. ಅದಕ್ಕೇನಂತೆ? ಅವರ ಪಕ್ಷ ಹೊಸ ಪ್ರದೇಶಗಳಿಗೆ ಗುಲಾಮಗಿರಿ ಹರಡುವುದನ್ನು ತಡೆಯುತ್ತೇವೆ ಎಂದಿತ್ತು. ಹೊಸ ಪ್ರದೇಶ ಎಲ್ಲಿಂದ ಬಂತು? 1848ರಲ್ಲಿ ಮೆಕ್ಸಿಕೊ ಯುದ್ಧ ಗೆದ್ದು ದೊಡ್ಡ ಭೂಭಾಗ ಸಿಕ್ಕಿತ್ತು. ದಕ್ಷಿಣದವರಿಗೆ ಅಷ್ಟು ನೆಲ ಯಾಕೆ ಬೇಕಿತ್ತು? ಹತ್ತಿಗೆ. ಹತ್ತಿ ಅಷ್ಟೊಂದು ಲಾಭ ಕೊಟ್ಟಿದ್ದು ಯಾವಾಗಿನಿಂದ? 1793ರಲ್ಲಿ ಈಲೈ ವಿಟ್ನಿ ಬೀಜ ಬಿಡಿಸುವ ಯಂತ್ರ ಮಾಡಿದ ಮೇಲೆ. 1790ರ ಜನಗಣತಿಯಲ್ಲಿ ಸುಮಾರು 7 ಲಕ್ಷ ಇದ್ದ ಗುಲಾಮರ ಸಂಖ್ಯೆ 1860ರ ಹೊತ್ತಿಗೆ ಸುಮಾರು 40 ಲಕ್ಷ ಆಗಿತ್ತು.

ಇಲ್ಲಿಗೆ ಬಂದಾಗ ಒಂದು ನಿಮಿಷ ನಿಲ್ಲಿಸಿ. ಇದು ಬರೀ ಅಂಕಿ ಅಲ್ಲ. ಕೆಲಸ ಹಗುರ ಮಾಡಬೇಕಾದ ಒಂದು ಯಂತ್ರ ಬಂದು ಲಕ್ಷಾಂತರ ಜನರ ಬದುಕು ಇನ್ನೂ ನರಕವಾಯಿತು. ಪ್ರತಿ ವರ್ಷ ಇದನ್ನು ಹೇಳುವಾಗ ತರಗತಿ ಸುಮ್ಮನಾಗುತ್ತದೆ. ಒಮ್ಮೆ ಹಾಗೆ ಮನಸ್ಸಿಗೆ ತಾಗಿದ ವಿಷಯವನ್ನು ಮಕ್ಕಳು ಮೇ ತಿಂಗಳಲ್ಲಿ ಮರೆಯುವುದಿಲ್ಲ.

ಇನ್ನು ರಾತ್ರಿಯ ಹೋಮ್‌ವರ್ಕ್. ಹೆಚ್ಚಿನ ಶಾಲೆಗಳಲ್ಲಿ ಪಠ್ಯದ ಹದಿನೈದು ಇಪ್ಪತ್ತು ಪುಟ ಓದಿ ನೋಟ್ಸ್ ಮಾಡಿಕೊಂಡು ಬನ್ನಿ ಎನ್ನುತ್ತಾರೆ. ಮಕ್ಕಳು ಏನು ಮಾಡುತ್ತಾರೆ ಗೊತ್ತಾ? ಪುಸ್ತಕ ತೆರೆದಿಟ್ಟುಕೊಂಡು ಪುಟದಲ್ಲಿರುವುದನ್ನೇ ಸ್ವಲ್ಪ ಚಿಕ್ಕದು ಮಾಡಿ ನೋಟ್‌ಬುಕ್ಕಿಗೆ ಇಳಿಸುತ್ತಾರೆ. ಮೂರು ಬಣ್ಣದ ಹೈಲೈಟರ್. ಎರಡೂವರೆ ಗಂಟೆ. ಕೈ ನೋವು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಲ್ಲ ಹರಿದುಹೋಗುತ್ತದೆ. ಬೆಳಿಗ್ಗೆ ಕೇಳಿದರೆ ತಲೆಯಲ್ಲಿ ಏನೂ ಉಳಿದಿರುವುದಿಲ್ಲ.

ಅದರ ಬದಲು ಹೀಗೆ ಮಾಡಲಿ. ಮೊದಲು ಉಪಶೀರ್ಷಿಕೆಗಳನ್ನು ಮಾತ್ರ ನೋಡಿ ಪ್ರತಿಯೊಂದನ್ನೂ ಪ್ರಶ್ನೆ ಮಾಡಿಕೊಳ್ಳಲಿ. 'ಸ್ಟಾಂಪ್ ಕಾಯ್ದೆ' ಎಂದಿದ್ದರೆ 'ಇಷ್ಟು ಸಣ್ಣ ತೆರಿಗೆಗೆ ಅಷ್ಟು ದೊಡ್ಡ ಗಲಾಟೆ ಯಾಕೆ?' ಎಂದು. ಆಮೇಲೆ ಆ ಭಾಗ ಓದಿ, ಪುಸ್ತಕ ಮುಚ್ಚಿ, ಮೂರೇ ವಾಕ್ಯ ಬರೆಯಲಿ. ಮುಚ್ಚುವುದು ಮುಖ್ಯ. ಬರೆಯಲು ಬರದಿದ್ದರೆ ಅದು ಇನ್ನೂ ಅರ್ಥವಾಗಿಲ್ಲ ಎಂದು ಅಲ್ಲೇ ಗೊತ್ತಾಗುತ್ತದೆ, ಪರೀಕ್ಷೆಯ ತನಕ ಕಾಯಬೇಕಾಗಿಲ್ಲ. ಮೊದಲ ವಾರ ಕಷ್ಟ. ನನ್ನ ಒಬ್ಬ ವಿದ್ಯಾರ್ಥಿನಿಯ ನೋಟ್‌ಬುಕ್ಕಿನಲ್ಲಿ ಮೊದಲ ನಾಲ್ಕು ದಿನ 'ಬರೆಯಲು ಆಗಲಿಲ್ಲ' ಎಂದೇ ಇತ್ತು. ಐದನೆಯ ದಿನ ಒಂದು ವಾಕ್ಯ. ಮೂರು ವಾರ ಕಳೆದ ಮೇಲೆ ಅವಳು ರಾತ್ರಿ ಹತ್ತಕ್ಕೆ ಮಲಗುತ್ತಿದ್ದಳು.

ಚಾಟ್‌ಬಾಟ್ ಕೈಲಿ ಅಧ್ಯಾಯದ ಸಾರಾಂಶ ಮಾಡಿಸುವುದು ಈಗ ಎಲ್ಲ ಮನೆಯಲ್ಲೂ ಇದೆ. ನನಗೆ ಅದು ಇಷ್ಟವಿಲ್ಲ. ಆ ಮೂರು ವಾಕ್ಯ ಹುಡುಕಲು ಪಡುವ ಕಷ್ಟವೇ ಇಲ್ಲಿ ಓದು. ಬರೆದು ಮುಗಿಸಿದ ಮೇಲೆ 'ನನ್ನ ವಾದದಲ್ಲಿ ಎಲ್ಲಿ ತೂತಿದೆ?' ಎಂದು ಅದನ್ನು ಕೇಳಿದರೆ ತಪ್ಪಿಲ್ಲ. ಹೇಳಿದ್ದನ್ನು ಪುಸ್ತಕದ ಜೊತೆ ಸರಿ ನೋಡಲಿ.

ದಾಖಲೆ ಓದುವ ಭಾಗಕ್ಕೆ ಬರೋಣ. ಮಕ್ಕಳು ಅಂಕ ಕಳೆದುಕೊಳ್ಳುವುದು ಇಲ್ಲೇ ಜಾಸ್ತಿ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಡಿಬಿಕ್ಯೂಗೆ ಒಟ್ಟು 7 ಅಂಕ. ಥೀಸಿಸ್‌ಗೆ, ಅಂದರೆ ಇಡೀ ಪ್ರಬಂಧದ ಮುಖ್ಯ ವಾದ ಹೇಳುವ ಮಾತಿಗೆ, 1. ಆ ಕಾಲದ ಹಿನ್ನೆಲೆ ಕಟ್ಟಿಕೊಟ್ಟರೆ 1. ಕನಿಷ್ಠ ನಾಲ್ಕು ದಾಖಲೆಗಳನ್ನು ತನ್ನ ವಾದಕ್ಕೆ ಆಧಾರವಾಗಿ ಬಳಸಿದರೆ 2. ದಾಖಲೆಗಳಲ್ಲಿ ಇಲ್ಲದ ಒಂದು ಸಂಗತಿಯನ್ನು ತಾನೇ ತಂದರೆ 1. ಕನಿಷ್ಠ ಎರಡು ದಾಖಲೆಗಳ ಬಗ್ಗೆ ಯಾರು, ಯಾರಿಗೆ, ಯಾವಾಗ, ಯಾಕೆ ಹೇಳಿದರು ಎಂಬುದು ವಾದಕ್ಕೆ ಹೇಗೆ ಮುಖ್ಯ ಎಂದು ವಿವರಿಸಿದರೆ 1. ಕೊನೆಯ 1 ಅಂಕ ವಿಷಯದ ಹಲವು ಮುಖ ತೋರಿಸಿದವರಿಗೆ. ಅದರ ಹಿಂದೆ ಈಗಲೇ ಓಡುವುದು ಬೇಡ, ಮೊದಲ ಆರು ಕೈಗೆ ಬರಲಿ.

'ಯಾರು, ಯಾರಿಗೆ' ಎಂಬುದನ್ನು ಒಂದು ದಾಖಲೆಯ ಮೇಲೆ ತೋರಿಸುತ್ತೇನೆ. 1852ರ ಜುಲೈ 5ರಂದು ಫ್ರೆಡರಿಕ್ ಡಗ್ಲಸ್ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಭಾಷಣ ಮಾಡಿದರು. ಮೇಲೆ ಬಂದ ಸೆನೆಟರ್ ಡಗ್ಲಸ್ ಬೇರೆ, ಇವರು ಬೇರೆ, ಮಕ್ಕಳು ಇಬ್ಬರನ್ನೂ ಒಬ್ಬರೇ ಮಾಡಿಬಿಡುತ್ತಾರೆ. ಇವರು ಸ್ವತಃ ಗುಲಾಮರಾಗಿದ್ದು 1838ರಲ್ಲಿ ಮೇರಿಲ್ಯಾಂಡ್‌ನಿಂದ ತಪ್ಪಿಸಿಕೊಂಡು ಬಂದವರು. ಭಾಷಣಕ್ಕೆ ಕರೆದವರು ಗುಲಾಮಗಿರಿ ವಿರೋಧಿ ಮಹಿಳೆಯರ ಸಂಘದವರು. ಸ್ವಾತಂತ್ರ್ಯ ದಿನದ ಮರುದಿನ ನಿಂತು ಡಗ್ಲಸ್ ಕೇಳಿದ್ದು, ಗುಲಾಮನಿಗೆ ನಿಮ್ಮ ಜುಲೈ 4 ಅಂದರೆ ಏನು ಎಂದು.

ಮಕ್ಕಳು ಸಾಮಾನ್ಯವಾಗಿ ಬರೆಯುವುದು ಹೀಗೆ: 'ಡಗ್ಲಸ್ ಗುಲಾಮರಾಗಿದ್ದವರು, ಆದ್ದರಿಂದ ಅವರ ಮಾತು ಒಂದು ಕಡೆಗೆ ವಾಲಿದೆ.' ಇದಕ್ಕೆ ಅಂಕ ಇಲ್ಲ. ಯಾರ ಬಗ್ಗೆ ಬೇಕಾದರೂ ಬರೆಯಬಹುದಾದ ವಾಕ್ಯ ಇದು. ಅಂಕ ಬರುವ ವಾಕ್ಯ ಹೀಗಿರುತ್ತದೆ: 'ಎದುರಿಗಿದ್ದವರು ಗುಲಾಮಗಿರಿಯನ್ನು ವಿರೋಧಿಸುವ ಉತ್ತರದ ಜನ. ಆದರೆ 1850ರ ಕಾಯ್ದೆಯ ಪ್ರಕಾರ ಓಡಿಬಂದ ಗುಲಾಮರನ್ನು ಹಿಡಿದುಕೊಡಲು ಉತ್ತರದವರೂ ನೆರವಾಗಬೇಕಿತ್ತು. ಅದಕ್ಕೇ ಡಗ್ಲಸ್ ಇದನ್ನು ದಕ್ಷಿಣದವರ ಪಾಪ ಎಂದು ಬಿಡದೆ, ನಿಮ್ಮ ಹಬ್ಬ ಎನ್ನುತ್ತಾರೆ. ಇಡೀ ದೇಶಕ್ಕೇ ಇದರಲ್ಲಿ ಪಾಲಿದೆ ಎಂದು ಒಪ್ಪಿಸುವುದು ಅವರ ಉದ್ದೇಶ.' 'ನಿಮ್ಮ' ಎಂಬ ಒಂದು ಪದ ನೋಡಿ. ಕನ್ನಡ ಮನೆಯಲ್ಲಿ ಬೆಳೆದ ಮಗುವಿಗೆ 'ನಮ್ಮ ಮನೆ', 'ನಿಮ್ಮ ಮನೆ' ಎನ್ನುವಾಗ ದನಿ ಹೇಗೆ ಬದಲಾಗುತ್ತದೆ ಎಂದು ಹೇಳಿಕೊಡಬೇಕಾಗಿಲ್ಲ. ಆ ಕಿವಿಯನ್ನೇ ದಾಖಲೆಗೂ ಕೊಡಲು ಹೇಳಿ.

ಥೀಸಿಸ್ ಬಗ್ಗೆ. 'ಮಾರುಕಟ್ಟೆ ಕ್ರಾಂತಿ ಜನಜೀವನವನ್ನು ಎಷ್ಟರ ಮಟ್ಟಿಗೆ ಬದಲಿಸಿತು' ಎಂಬ ಪ್ರಶ್ನೆ ಬಂತು ಅಂದುಕೊಳ್ಳಿ. ಜನ ಮನೆಬಳಕೆಗೆ ಬದಲು ದೂರದ ಮಾರುಕಟ್ಟೆಗೆ ಬೆಳೆಯಲು, ತಯಾರಿಸಲು ಶುರುಮಾಡಿದ್ದಕ್ಕೆ ಆ ಹೆಸರು. 'ತುಂಬಾ ಬದಲಿಸಿತು, ಕಾಲುವೆ, ರೈಲು, ಕಾರ್ಖಾನೆ ಬಂದವು' ಎನ್ನುವುದು ಪಟ್ಟಿ. ಥೀಸಿಸ್ ಅಂದರೆ ಒಬ್ಬರು ಇಲ್ಲ ಎಂದು ಜಗಳ ಆಡಬಹುದಾದ ಮಾತು. 'ಉತ್ತರದಲ್ಲಿ ಕಾಲುವೆಗಳು ಮತ್ತು ಮಿಲ್ಲುಗಳು ರೈತರ ಹೆಣ್ಣುಮಕ್ಕಳನ್ನು ಮನೆಗೆಲಸದಿಂದ ಕೂಲಿ ಕೆಲಸಕ್ಕೆ ತಂದವು, ಆದರೆ ದಕ್ಷಿಣದಲ್ಲಿ ಅದೇ ಮಾರುಕಟ್ಟೆ ಗುಲಾಮಗಿರಿಯನ್ನು ಸಡಿಲಿಸುವ ಬದಲು ಬಿಗಿ ಮಾಡಿತು.' ಈಗ ಆಧಾರ ಎಲ್ಲಿ ಕೂರಬೇಕು ಎಂದು ವಾಕ್ಯವೇ ಹೇಳುತ್ತದೆ. 1825ರಲ್ಲಿ ಮುಗಿದ 363 ಮೈಲಿಯ ಈರಿ ಕಾಲುವೆ, 1834 ಮತ್ತು 1836ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಲೊವೆಲ್ ಊರಿನ ಬಟ್ಟೆ ಮಿಲ್ಲಿನ ಹುಡುಗಿಯರು ಮಾಡಿದ ಮುಷ್ಕರ ಮೊದಲರ್ಧಕ್ಕೆ. ಹತ್ತಿ ಮತ್ತು ಆ 40 ಲಕ್ಷದ ಲೆಕ್ಕ ಎರಡನೆಯದಕ್ಕೆ. 'ಆದರೆ' ಇಲ್ಲದ ಥೀಸಿಸ್ ಕಂಡರೆ ಇನ್ನೊಮ್ಮೆ ಬರೆ ಎನ್ನುತ್ತೇನೆ. ವಾರಕ್ಕೆ ಎರಡು ಥೀಸಿಸ್ ಸಾಕು, ಇಡೀ ಪ್ರಬಂಧ ಬೇಡ. ಪ್ರಶ್ನೆ ಎಲ್ಲಿ ಸಿಗುತ್ತವೆ ಎಂದರೆ, ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ನವರ ವೆಬ್‌ಸೈಟಿನಲ್ಲಿ ಹಿಂದಿನ ವರ್ಷಗಳ ಬರವಣಿಗೆ ಪ್ರಶ್ನೆಗಳು, ಅಂಕ ಕೊಡುವ ಕ್ರಮ, ಮಕ್ಕಳು ಬರೆದ ಮಾದರಿ ಉತ್ತರಗಳು ಎಲ್ಲ ಉಚಿತವಾಗಿ ಇವೆ. ಆ ಮಾದರಿ ಉತ್ತರಗಳಿಗೆ ಮಗಳೇ ಮೊದಲು ಅಂಕ ಹಾಕಿ, ಆಮೇಲೆ ಅವರು ಎಷ್ಟು ಕೊಟ್ಟಿದ್ದಾರೆ ನೋಡಲಿ. ಯಾವ ಗೈಡೂ ಇಷ್ಟು ಚೆನ್ನಾಗಿ ಕಲಿಸುವುದಿಲ್ಲ.

ಈಗ ನಿಮ್ಮ ಪ್ರಶ್ನೆಯ ಕೊನೆಯ ಸಾಲು. ಏನೇನೂ ಗೊತ್ತಿಲ್ಲ ಎಂದಿದ್ದೀರಿ. ನಾನು ಒಪ್ಪುವುದಿಲ್ಲ.

ನೀವು ಗದಗದವರು. ಆ ಅಂತರ್ಯುದ್ಧದಲ್ಲಿ ಉತ್ತರದವರು ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದಾಗ ಇಂಗ್ಲೆಂಡಿನ ಲ್ಯಾಂಕಾಶೈರ್ ಮಿಲ್ಲುಗಳಿಗೆ ಅಮೆರಿಕದ ಹತ್ತಿ ಬರುವುದು ನಿಂತಿತು. ಅವರ ಕಣ್ಣು ಬಿದ್ದದ್ದು ನಮ್ಮ ಎರೆ ಹೊಲಗಳ ಮೇಲೆ. ಆಗ ಗದಗವೂ ಸೇರಿದ್ದ ಧಾರವಾಡ ಜಿಲ್ಲೆಯಲ್ಲಿ ಅಮೆರಿಕದ ತಳಿಯ ಹತ್ತಿ ಅದಕ್ಕೂ ಮೊದಲೇ ಬೇರು ಬಿಟ್ಟಿತ್ತು. ಅದಕ್ಕೆ 'ಧಾರವಾಡ ಅಮೆರಿಕನ್' ಎಂದೇ ಹೆಸರು. ಬೆಲೆ ಗಗನಕ್ಕೇರಿತು. ಆ ಹತ್ತಿಯನ್ನು ಕಾರವಾರದಿಂದ ಹಡಗಿಗೆ ಏರಿಸಬೇಕು ಎಂಬ ಒತ್ತಡ ಎಷ್ಟಿತ್ತೆಂದರೆ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್‌ನಿಂದ ತೆಗೆದು ಬಾಂಬೆ ಪ್ರಾಂತ್ಯಕ್ಕೆ ಸೇರಿಸಿದರು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿದ್ದುಹೋಯಿತು. ಲಿಂಕನ್ ಹೆಸರು ಕೇಳಿರದ ರೈತರು ಲಿಂಕನ್ ಕಾಲದ ಯುದ್ಧದಿಂದ ಗಳಿಸಿದರು, ಕಳೆದುಕೊಂಡರು. ಇದನ್ನು ಊಟಕ್ಕೆ ಕೂತಾಗ ಮಗಳಿಗೆ ಹೇಳಿ. ಹತ್ತಿ ಎಂದರೆ ಏನು, ಅದು ಎಷ್ಟು ದೊಡ್ಡದು ಎಂದು ಅವಳಿಗೆ ಅರ್ಥವಾಗುತ್ತದೆ.

ಕಾರ್ನ್‌ವಾಲಿಸ್ ಹೆಸರು ನಿಮಗೆ ನೆನಪಿದೆ ಅಲ್ವಾ? 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡವರು. 1781ರ ಅಕ್ಟೋಬರ್‌ನಲ್ಲಿ ಯಾರ್ಕ್‌ಟೌನ್‌ನಲ್ಲಿ ವಾಷಿಂಗ್ಟನ್ ಮತ್ತು ಫ್ರೆಂಚರ ಮುಂದೆ ಸೋತು ಶರಣಾದ ಸೇನೆ ಅದೇ ಮನುಷ್ಯನದು. ಫ್ರಾನ್ಸ್ 1778ರಲ್ಲಿ ಅಮೆರಿಕದ ಕೈ ಹಿಡಿಯಿತು. ಆ ಜಗಳದಲ್ಲೇ ಬ್ರಿಟಿಷರು 1779ರಲ್ಲಿ ಫ್ರೆಂಚರ ಮಾಹೆಯನ್ನು ಹಿಡಿದರು. ಹೈದರ್ ಅಲಿಗೆ ಯುದ್ಧದ ಸಾಮಗ್ರಿ ಬರುತ್ತಿದ್ದುದು ಆ ಬಂದರಿನಿಂದ. ಎರಡನೇ ಮೈಸೂರು ಯುದ್ಧ ಹೊತ್ತಿಕೊಂಡ ಕಾರಣಗಳಲ್ಲಿ ಅದೂ ಒಂದು. ಅಮೆರಿಕದ ಕ್ರಾಂತಿ ಬರೀ 13 ವಸಾಹತುಗಳ ಜಗಳವಲ್ಲ, ಇಡೀ ಪ್ರಪಂಚಕ್ಕೆ ಹಬ್ಬಿದ ಯುದ್ಧದ ಒಂದು ತುಂಡು ಎಂದು ತಿಳಿದ ಮಗು ಹಿನ್ನೆಲೆ ಕಟ್ಟಲು ತಡಕಾಡುವುದಿಲ್ಲ.

ಇನ್ನೊಂದು, ನಿಮ್ಮ ಮನೆಯದೇ ಕಥೆ. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಭಗತ್ ಸಿಂಗ್ ಥಿಂಡ್ ಎಂಬುವರ ಮೊಕದ್ದಮೆಯಲ್ಲಿ ಭಾರತೀಯರು 'ಬಿಳಿಯರಲ್ಲ', ಹಾಗಾಗಿ ಪೌರತ್ವಕ್ಕೆ ಅರ್ಹರಲ್ಲ ಎಂದಿತು. ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. 1946ರಲ್ಲಿ ಬಾಗಿಲು ಸ್ವಲ್ಪ ತೆರೆಯಿತು, ಭಾರತದಿಂದ ವರ್ಷಕ್ಕೆ 100 ಜನ. 1965ರ ವಲಸೆ ಕಾಯ್ದೆ ಮೂಲದೇಶ ನೋಡಿ ತಾರತಮ್ಯ ಮಾಡುತ್ತಿದ್ದ ಹಳೆಯ ಕೋಟಾಗಳನ್ನು ತೆಗೆದುಹಾಕಿತು. ಅದು ನಾಗರಿಕ ಹಕ್ಕುಗಳ ಚಳವಳಿಯ ಕಾವಿನಲ್ಲೇ, 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಮರುವರ್ಷವೇ ಬಂತು. ನೀವು ನ್ಯೂಜೆರ್ಸಿಯಲ್ಲಿ ಮನೆ ಮಾಡಿರುವುದಕ್ಕೂ ಆ ಕಪ್ಪು ಜನರ ಹೋರಾಟಕ್ಕೂ ನಂಟಿದೆ. ಇದು ಪಠ್ಯದಲ್ಲೂ ಇದೆ, ಆದರೆ ಅಪ್ಪ ಅಮ್ಮನ ವೀಸಾ ಕಥೆಯ ಜೊತೆ ಕೇಳಿದರೆ ಬೇರೆಯೇ.

ದಿನದ ಕೆಲಸವಾಗಿ ನೀವು ಮಾಡಬೇಕಾದದ್ದು ಒಂದೇ. ರಾತ್ರಿ ಹತ್ತು ನಿಮಿಷ ಅವಳ ಎದುರು ಕೂತು, ಇವತ್ತು ಓದಿದ್ದನ್ನು ಕನ್ನಡದಲ್ಲಿ ಹೇಳು ಎನ್ನಿ. ಊರಿನಿಂದ ಅಜ್ಜಿ ಬಂದಿದ್ದರೆ ಅವರಿಗೇ ಹೇಳಲಿ. ಕನ್ನಡದಲ್ಲಿ ಹೇಳಬೇಕೆಂದರೆ ಪುಸ್ತಕದ ವಾಕ್ಯವನ್ನು ಹಾಗೇ ಒಪ್ಪಿಸಲು ಆಗುವುದಿಲ್ಲ. ಅರ್ಥ ಮಾಡಿಕೊಂಡೇ ಹೇಳಬೇಕು. ಮಧ್ಯೆ ತಡವರಿಸಿದರೆ ಇಂಗ್ಲಿಷ್ ಪದ ಬರಲಿ ಬಿಡಿ. ನೀವು ತಿದ್ದಲು ಹೋಗಬೇಡಿ. 'ಯಾಕೆ ಹಾಗೆ ಮಾಡಿದರು?', 'ಅದಕ್ಕೆ ಯಾರಿಗೆ ಸಿಟ್ಟು ಬಂತು?', 'ನಿನಗೆ ಹೇಗೆ ಗೊತ್ತು?' ಇಷ್ಟೇ ಕೇಳಿ. ನಿಮಗೆ ಗೊತ್ತಿಲ್ಲದಿರುವುದು ಇಲ್ಲಿ ಒಳ್ಳೆಯದೇ. ನಿಮ್ಮ ಪ್ರಶ್ನೆ ನಿಜವಾದ ಪ್ರಶ್ನೆ ಎಂದು ಅವಳಿಗೂ ಗೊತ್ತಿರುತ್ತದೆ.

ಮೇ ತನಕದ ಲೆಕ್ಕ ಬೇಗ ಹೇಳಿಬಿಡುತ್ತೇನೆ. ಪಠ್ಯವನ್ನು ಒಂಬತ್ತು ಕಾಲಘಟ್ಟ ಮಾಡಿದ್ದಾರೆ. 1491ರಿಂದ 1607ರ ಮೊದಲನೆಯದಕ್ಕೂ 1980ರ ನಂತರದ ಕೊನೆಯದಕ್ಕೂ ಶೇ 4ರಿಂದ 6 ಮಾತ್ರ. ಎರಡನೆಯದಕ್ಕೆ 6ರಿಂದ 8. ಮೂರರಿಂದ ಎಂಟು, ಅಂದರೆ 1754ರಿಂದ 1980, ಒಂದೊಂದಕ್ಕೂ 10ರಿಂದ 17. ಡಿಬಿಕ್ಯೂ ಕೂಡ ಈ 1754–1980ರ ಒಳಗೇ ಬರುತ್ತದೆ. ಹಾಗಾಗಿ ರಜೆಯಲ್ಲಿ ಕೊಲಂಬಸ್‌ನಿಂದ ಶುರುಮಾಡಿ ಮತ್ತೆ ಓದುವುದು ಬೇಡ. ಬಹಳ ಶಾಲೆಗಳಲ್ಲಿ ಏಪ್ರಿಲ್‌ಗೆ ಎರಡನೇ ಮಹಾಯುದ್ಧ ಮುಗಿಸಲು ಏದುಸಿರು ಬಿಡುತ್ತಾರೆ, 1945ರ ನಂತರದ್ದು ಓಡಿಹೋಗುತ್ತದೆ. ಆ ಭಾಗವನ್ನು ಮಾರ್ಚ್‌ನಿಂದಲೇ ಅವಳು ವಾರಕ್ಕೆ ಒಂದು ಸಂಜೆ ತಾನೇ ಓದಿಕೊಂಡಿರಲಿ. ಏಪ್ರಿಲ್‌ನಲ್ಲಿ ಎರಡು ಶನಿವಾರ ಪೂರ್ತಿ ಪರೀಕ್ಷೆಯನ್ನು ಗಡಿಯಾರ ಇಟ್ಟುಕೊಂಡು, ಕಂಪ್ಯೂಟರಿನಲ್ಲೇ ಬರೆಯಲಿ. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಎತ್ತಿಡಿ, ಬಿಸಿ ಅನ್ನ ಸಾರು ಹಾಕಿ ಮಲಗಿಸಿ.

64 ಎಂದು ಕೊರಗಬೇಡಿ. ಎಪಿ ಪರೀಕ್ಷೆಯ ಫಲಿತಾಂಶ 1ರಿಂದ 5ರ ತನಕ ಇರುತ್ತದೆ. ಅತಿ ಹೆಚ್ಚಿನ ಅಂಕವಾದ 5 ಬರಲು ಎಲ್ಲ ಪ್ರಶ್ನೆ ಸರಿಯಾಗಬೇಕಾಗಿಲ್ಲ. ಆ ಮಿಡ್‌ಟರ್ಮ್ ಪತ್ರಿಕೆ ಮನೆಯಲ್ಲಿದ್ದರೆ ತೆಗೆಯಿರಿ. ತಪ್ಪಾದ ಒಂದೊಂದರ ಪಕ್ಕ ಗುರುತು ಹಾಕಿಸಿ: ವಿಷಯ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಕೊಟ್ಟ ತುಣುಕನ್ನು ಸರಿಯಾಗಿ ಓದಲಿಲ್ಲವೋ. ನೀವು ಬರೆದದ್ದನ್ನು ನೋಡಿದರೆ ಎರಡನೆಯ ಗುರುತೇ ಜಾಸ್ತಿ ಇರುತ್ತದೆ ಎಂದು ನನ್ನ ಅಂದಾಜು. ಅದನ್ನು ಈ ಭಾನುವಾರ ಮಾಡಿ, ಎಷ್ಟೆಷ್ಟು ಬಂತು ಎಂದು ನನಗೆ ಬರೆಯಿರಿ. ಜೊತೆಗೆ ಅವಳು ಬರೆದ ಒಂದು ಥೀಸಿಸ್ ಕಳಿಸಿ, ಓದಿ ಹೇಳುತ್ತೇನೆ.